ಜೂಮ್ ಜಿ1ಎಕ್ಸ್ ಫೋರ್ ಪ್ರೊಸೆಸರ್: ಮೂರು ವರ್ಷ ತುಳಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಎಲೆಕ್ಟ್ರಿಕ್ ಗಿಟಾರಿನ ಸದ್ದಿಗೆ ಬೇರೆ ಬೇರೆ ಬಣ್ಣ ಕೊಡುವ ಈ ಡಬ್ಬಿ ಚೆನ್ನಾಗಿದೆ. ಆದರೆ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಇಟ್ಟುಕೊಂಡು ನುಡಿಸಿದರೆ ಚೆನ್ನಾಗಿಲ್ಲ. ನಾನು ಮೊದಲ ಆರು ತಿಂಗಳು ಹಾಗೇ ನುಡಿಸಿದೆ, ಸೌಂಡ್‌ನವರ ಹತ್ತಿರ ಬೈಸಿಕೊಂಡೆ, ಮಾರಿಬಿಡೋಣ ಅಂತ ನಾಲ್ಕು ಕಡೆಯಿಂದ ಫೋಟೋ ಕೂಡ ತೆಗೆದಿಟ್ಟೆ. ಆಮೇಲೆ ನಿಧಾನಕ್ಕೆ ಗೊತ್ತಾಯ್ತು, ತಪ್ಪು ಡಬ್ಬಿಯದ್ದಲ್ಲ. ಇದರಿಂದ ಹೊರಗೆ ಬರುವ ವೈರ್ ಎಲ್ಲಿಗೆ ಹೋಗುತ್ತದೆ ಅನ್ನೋದನ್ನ ನಾನು ಒಂದು ದಿನವೂ ಯೋಚನೆ ಮಾಡಿರಲಿಲ್ಲ.

ನಾನು ವಾರವೆಲ್ಲ ಲೆಕ್ಕ ಬರೆಯುವವನು. ಶನಿವಾರ, ಭಾನುವಾರ ಆರ್ಕೆಸ್ಟ್ರಾದಲ್ಲಿ ಗಿಟಾರ್. ದಾವಣಗೆರೆ, ಹರಿಹರ, ಹೊನ್ನಾಳಿ, ಚನ್ನಗಿರಿ, ಈ ಸುತ್ತಿನಲ್ಲಿ ಗಣಪತಿ ಪೆಂಡಾಲು, ಮದುವೆ ರಿಸೆಪ್ಷನ್, ಊರ ಜಾತ್ರೆ, ಆಮೇಲೆ ನವೆಂಬರ್ ಬಂತು ಅಂದ್ರೆ ತಿಂಗಳು ಪೂರ್ತಿ ರಾಜ್ಯೋತ್ಸವ. ಒಂದೇ ರಾತ್ರಿಯಲ್ಲಿ ಹಳೇ ಹಾಡಿನ ನುಣುಪಾದ ಕ್ಲೀನ್ ಗಿಟಾರ್ ಬೇಕು, 90ರ ದಶಕದ ಡ್ಯುಯೆಟ್‌ಗೆ ಒಂದು ಗಿಟಾರ್ ನಾಲ್ಕಾರು ಗಿಟಾರಿನ ಹಾಗೆ ಕೇಳಿಸುವ ಕೋರಸ್ ಎಫೆಕ್ಟ್ ಬೇಕು, ಹೊಸ ಹೀರೋ ಎಂಟ್ರಿ ಹಾಡಿಗೆ ಕಿತ್ತು ಹೋಗುವಂಥ ಒಡೆದ ಸದ್ದು, ಅಂದ್ರೆ ಡಿಸ್ಟಾರ್ಷನ್ ಬೇಕು. ಒಂದೊಂದಕ್ಕೂ ಬೇರೆ ಬೇರೆ ಪೆಡಲ್ ತಗೊಳ್ಳುವ ಶಕ್ತಿ ಇಲ್ಲ. ಟಾಟಾ ಏಸ್ ಹಿಂದೆ ಸ್ಪೀಕರ್ ಪೆಟ್ಟಿಗೆಗಳ ಸಂದಿಯಲ್ಲಿ ಕೂತು ಹೋಗುವವನಿಗೆ ಪೆಡಲ್ ಬೋರ್ಡ್ ಹೊರುವ ಜಾಗವೂ ಇಲ್ಲ. ಹಾಗಾಗಿ ಪ್ರೊಸೆಸರ್. ಮಲ್ಟಿ ಎಫೆಕ್ಟ್ಸ್ ಅನ್ನೋದು ಡಬ್ಬಿಯ ಮೇಲಿನ ಮಾತು, ನಮ್ಮ ಕಡೆ ಎಲ್ಲರ ಬಾಯಲ್ಲೂ ಪ್ರೊಸೆಸರ್ರೇ.

ಇದು ಮೀಟಿಂಗ್ ಮಾಡುವ ಜೂಮ್ ಅಲ್ಲ. ಜಪಾನಿನ ಬೇರೆ ಕಂಪನಿ, 1983ರಿಂದ ಇದೆ. ಇವರ 505 ಅನ್ನುವ ಪುಟ್ಟ ಪೆಡಲ್ 90ರ ದಶಕದಲ್ಲಿ ಬಂದಿತ್ತು, ಹಳಬರ ಅಟ್ಟದಲ್ಲಿ ಈಗಲೂ ಒಂದೊಂದು ಸಿಗುತ್ತದೆ. ಜಿ1 ಫೋರ್ ಮತ್ತು ಜಿ1ಎಕ್ಸ್ ಫೋರ್ ಬಂದಿದ್ದು 2019ರಲ್ಲಿ. ಎರಡರ ಒಳಗೂ ಅದೇ ಸರಕು. ಎಕ್ಸ್ ಇರುವುದಕ್ಕೆ ಪಕ್ಕದಲ್ಲಿ ಕಾಲಲ್ಲಿ ತುಳಿದು ಏರಿಸಿ ಇಳಿಸುವ ಎಕ್ಸ್‌ಪ್ರೆಶನ್ ಪೆಡಲ್ ಇದೆ, ಅಷ್ಟೇ ವ್ಯತ್ಯಾಸ. ಒಳಗೆ 60ಕ್ಕಿಂತ ಜಾಸ್ತಿ ಎಫೆಕ್ಟ್‌ಗಳಿವೆ, 13 ಆಂಪ್ ಮಾದರಿಗಳಿವೆ, ಅಂದ್ರೆ ಗಿಟಾರ್ ಆಂಪ್ಲಿಫೈಯರ್‌ಗಳ ನಕಲು. ಒಂದು ಪ್ಯಾಚ್‌ನಲ್ಲಿ, ಅಂದ್ರೆ ಜೋಡಿಸಿ ಉಳಿಸಿಟ್ಟ ಒಂದು ಸದ್ದಿನಲ್ಲಿ, ಒಟ್ಟಿಗೆ 5 ಎಫೆಕ್ಟ್ ಸಾಲಾಗಿ ಇಡಬಹುದು, ಇಂಥ 50 ಪ್ಯಾಚ್ ಉಳಿಸಬಹುದು. ಜೊತೆಗೆ ನುಡಿಸಲು ರಿದಮ್ 68, ನುಡಿಸಿದ್ದನ್ನು ಹಿಡಿದು ಮತ್ತೆ ಮತ್ತೆ ಕೇಳಿಸುವ ಲೂಪರ್ 30 ಸೆಕೆಂಡ್, ಟ್ಯೂನರ್ ಇದ್ದೇ ಇದೆ. ಮೈ ಪ್ಲಾಸ್ಟಿಕ್. ತೂಕ ಒಂದು ಕೆಜಿಯೂ ಇಲ್ಲ, ಗಿಟಾರ್ ಬ್ಯಾಗಿನ ಮುಂದಿನ ಜೇಬಲ್ಲಿ ಹಾಕಿಕೊಂಡು ಬಸ್ ಹತ್ತಬಹುದು. ನಾನು ಸೆಕೆಂಡ್ ಹ್ಯಾಂಡ್ ತಗೊಂಡೆ, 7,500 ಕೊಟ್ಟು.

ಈಗ ದೆವ್ವದ ಕತೆ.

ತಗೊಂಡು ಎರಡು ವಾರವೂ ಆಗಿರಲಿಲ್ಲ, ಗಣಪತಿ ಪೆಂಡಾಲಿನಲ್ಲಿ ಪ್ರೋಗ್ರಾಂ. ನನ್ನ ಗಿಟಾರ್ ವೈರ್ ಚಿಕ್ಕದಾಯ್ತು ಅಂತ ಸೌಂಡ್ ಹುಡುಗ ತನ್ನ ಬ್ಯಾಗಿನಿಂದ ಒಂದು ಉದ್ದನೆಯ ವೈರ್ ತೆಗೆದು ಪ್ರೊಸೆಸರ್‌ನಿಂದ ಸೀದಾ ಮಿಕ್ಸರ್‌ಗೆ ಹಾಕಿದ. ಮೂರನೇ ಹಾಡಿನಲ್ಲಿ ನನ್ನ ಸೋಲೋ. ಸ್ವಿಚ್ ತುಳಿದೆ, ಕಣ್ಣು ಮುಚ್ಚಿದೆ, ನುಡಿಸಿದೆ. ಸ್ಟೇಜಿನ ಗದ್ದಲದಲ್ಲಿ ನನಗೆ ಏನೋ ಕೇಳಿಸುತ್ತಿತ್ತು, ಎಲ್ಲೋ ದೂರದ ಬಾವಿಯೊಳಗೆ ಯಾರೋ ಗಿಟಾರ್ ನುಡಿಸಿದ ಹಾಗೆ. ಹಾಡು ಮುಗಿಯುತ್ತಲೂ ಸೌಂಡ್ ಅಣ್ಣ ಮಿಕ್ಸರ್ ಹಿಂದಿನಿಂದ ಎದ್ದು ಬಂದ. "ಏನ್ ಸಾರ್ ಇದು, ಗಿಟಾರ್ ಬರ್ತಾನೇ ಇಲ್ಲ, ಬರೀ ಅದರ ದೆವ್ವ ಬರ್ತಾ ಇದೆ!"

ಅವನು ಹೇಳಿದ್ದು ಅಕ್ಷರಶಃ ಸರಿ. ಬರುತ್ತಿದ್ದದ್ದು ರಿವರ್ಬ್, ಅಂದ್ರೆ ಸ್ವರದ ಹಿಂದೆ ಉಳಿಯುವ ಗುಂಗು ಮಾತ್ರ, ಗಿಟಾರ್ ಇರಲಿಲ್ಲ. ಅವತ್ತು ಡಬ್ಬಿ ಕೆಟ್ಟಿದೆ ಅಂದುಕೊಂಡೆ. ಮಾರಿದವನಿಗೆ ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿ ಜಗಳ ಆಡಿದೆ, ಪಾಪ.

ಆಗಿದ್ದೇನು ಅಂದ್ರೆ, ಈ ಡಬ್ಬಿಯ ಔಟ್‌ಪುಟ್ ತೂತು ಮತ್ತು ಹೆಡ್‌ಫೋನ್ ತೂತು ಎರಡೂ ಒಂದೇ. ಅಂದ್ರೆ ಅದು ಸ್ಟೀರಿಯೋ. ಪಿನ್ನಿನ ತುದಿಯಲ್ಲಿ ಎಡ ಕಿವಿಯ ಸದ್ದು, ಮಧ್ಯದ ಬಳೆಯಲ್ಲಿ ಬಲ ಕಿವಿಯ ಸದ್ದು. ಸೌಂಡ್ ಹುಡುಗ ಕೊಟ್ಟಿದ್ದು ಬ್ಯಾಲೆನ್ಸ್ಡ್ ವೈರ್, ಒಂದೇ ಸದ್ದನ್ನು ಒಂದು ತಂತಿಯಲ್ಲಿ ನೆಟ್ಟಗೆ, ಇನ್ನೊಂದರಲ್ಲಿ ತಲೆಕೆಳಗು ಮಾಡಿ ಕಳಿಸುವುದಕ್ಕೆ ಮಾಡಿದ್ದು. ಅದರ ಪಿನ್ ನೋಡಲು ಹೆಡ್‌ಫೋನ್ ಪಿನ್ ಥರಾನೇ ಇರುತ್ತದೆ. ಮಿಕ್ಸರ್ ಅದನ್ನು ಬ್ಯಾಲೆನ್ಸ್ಡ್ ಅಂತಲೇ ನಂಬಿ ತುದಿಯ ಸದ್ದಿನಿಂದ ಬಳೆಯ ಸದ್ದನ್ನು ಕಳೆಯುತ್ತದೆ, ದಾರಿಯಲ್ಲಿ ಸೇರಿಕೊಂಡ ಗುಂಯ್ ಅನ್ನುವ ಗಲಾಟೆ ತೆಗೆಯುವ ಉಪಾಯ ಅದು. ಆದರೆ ಇಲ್ಲಿ ಎಡಕ್ಕೂ ಬಲಕ್ಕೂ ಇರುವುದು ಒಂದೇ ಗಿಟಾರ್. ಒಂದರಿಂದ ಒಂದು ಕಳೆದರೆ ಸೊನ್ನೆ. ರಿವರ್ಬ್ ಮಾತ್ರ ಎರಡೂ ಕಡೆ ಸ್ವಲ್ಪ ಬೇರೆ ಬೇರೆ ಇರುತ್ತದಲ್ಲ, ಅದು ಉಳಿದುಕೊಂಡಿತು. ಲೆಕ್ಕ ಬರೆಯುವವನಿಗೇ ಈ ಕಳೆಯುವ ಲೆಕ್ಕ ತಿಳಿಯಲು ಒಂದು ತಿಂಗಳು ಹಿಡಿಯಿತು.

ಪರಿಹಾರ ತೀರಾ ಸುಲಭ. ಮಾಮೂಲಿ ಗಿಟಾರ್ ವೈರ್ ಹಾಕಿ, ಪಿನ್ನಿನ ಮೇಲೆ ಕರಿ ಪಟ್ಟಿ ಒಂದೇ ಇರಬೇಕು. ಎರಡು ಪಟ್ಟಿ ಇದ್ದರೆ ಅದು ನಿಮಗಲ್ಲ, ವಾಪಸ್ ಕೊಡಿ. ಮಿಕ್ಸರ್ ದೂರ ಇದ್ದರೆ ಸೌಂಡ್‌ನವರ ಹತ್ತಿರ ಡಿಐ ಬಾಕ್ಸ್ ಕೇಳಿ, ಗಿಟಾರ್ ವೈರಿನ ಸದ್ದನ್ನು ಬ್ಯಾಲೆನ್ಸ್ಡ್ ಮಾಡಿ ಮೈಕ್ ವೈರಿಗೆ ಕೊಡುವ ಪುಟ್ಟ ಪೆಟ್ಟಿಗೆ ಅದು. ಗಿಟಾರ್ ವೈರ್ ಆರೇಳು ಮೀಟರ್ ದಾಟಿದ ಮೇಲೆ ಪೆಂಡಾಲಿನ ಸೀರಿಯಲ್ ಲೈಟಿನ ಗಲಾಟೆಯನ್ನೆಲ್ಲ ಎಳೆದುಕೊಂಡು ಬರುತ್ತದೆ. ಡಿಐ ಬಾಕ್ಸ್‌ವರೆಗೆ ಗಿಟಾರ್ ವೈರ್, ಅಲ್ಲಿಂದ ಮುಂದೆ ಅವರ ಮೈಕ್ ವೈರ್. ಚಿಕ್ಕ ಸೆಟ್‌ನವರ ಹತ್ತಿರ ಡಿಐ ಇರುವುದಿಲ್ಲ. ನಾನೇ ಕರೆಂಟ್ ಬೇಡದ ಒಂದು ಪ್ಯಾಸಿವ್ ಡಿಐ ತಗೊಂಡು ಬ್ಯಾಗಿನಲ್ಲಿ ಇಟ್ಟಿದ್ದೇನೆ, ಪ್ರೊಸೆಸರ್ ಆದಮೇಲೆ ನಾನು ಮಾಡಿದ ಒಳ್ಳೇ ಖರ್ಚು ಅದೇ.

ಇಲ್ಲಿಂದ ನನ್ನ ತಲೆ ತಿರುಗಿದ್ದು. ಇದೇ ಡಬ್ಬಿ ಮೂರು ಕಡೆ ಮೂರು ಥರ ಕೇಳಿಸುತ್ತದೆ. ಹೆಡ್‌ಫೋನ್‌ನಲ್ಲಿ ಒಂದು, ಗಿಟಾರ್ ಆಂಪ್‌ಗೆ ಹಾಕಿದರೆ ಇನ್ನೊಂದು, ಮಿಕ್ಸರ್‌ನಿಂದ ದೊಡ್ಡ ಸ್ಪೀಕರ್‌ಗೆ ಹೋದರೆ ಮತ್ತೊಂದು. ಯಾಕೆ ಅಂದ್ರೆ ಎಲೆಕ್ಟ್ರಿಕ್ ಗಿಟಾರಿನ ಸದ್ದು ಅಂತ ನಾವು ಏನನ್ನು ಗುರುತಿಸುತ್ತೇವೋ ಅದರಲ್ಲಿ ಅರ್ಧ ಕೆಲಸ ಸ್ಪೀಕರ್‌ನದ್ದು. ಗಿಟಾರ್ ಆಂಪಿನ ಸ್ಪೀಕರ್ 5,000 ಹರ್ಟ್ಜ್ ದಾಟಿದ ಮೇಲೆ ಬೇಗ ಕುಸಿಯುತ್ತದೆ, ಮೇಲಿನ ಕಿರುಚಾಟ ಅದರಲ್ಲಿ ಬರುವುದೇ ಇಲ್ಲ. ಪೆಂಡಾಲಿನ ಪಿಎ ಸ್ಪೀಕರ್ ಹಾಗಲ್ಲ, ಗಾಯಕಿಯ 'ಸ' ಕಾರದ ಸೀಟಿವರೆಗೂ ಎಲ್ಲವನ್ನೂ ಊದುತ್ತದೆ. ಅದಕ್ಕೇ ಪ್ರೊಸೆಸರ್ ಒಳಗೆ ಆಂಪ್ ಮಾದರಿಯ ಜೊತೆಗೆ ಕ್ಯಾಬಿನೆಟ್, ಅಂದರೆ ಸ್ಪೀಕರ್ ಪೆಟ್ಟಿಗೆಯ ನಕಲೂ ಇರುತ್ತದೆ. ಮಿಕ್ಸರ್‌ಗೆ ಹೋಗುವಾಗ ಅದು ಇರಲೇಬೇಕು. ಇಲ್ಲದಿದ್ದರೆ ಡಿಸ್ಟಾರ್ಷನ್ ಹಾಕಿದ ತಕ್ಷಣ ತಗಡು ಕೊಯ್ದ ಹಾಗೆ ಕೇಳಿಸುತ್ತದೆ. ನಿಜವಾದ ಗಿಟಾರ್ ಆಂಪ್‌ಗೆ ಹಾಕುವಾಗ ಕ್ಯಾಬಿನೆಟ್ ಆಫ್ ಮಾಡಬೇಕು, ಯಾಕಂದ್ರೆ ಸ್ಪೀಕರ್ ಮೇಲೆ ಸ್ಪೀಕರ್ ಹೇರಿದರೆ ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ. ಪ್ರಾಕ್ಟೀಸ್ ರೂಮಿನ ಆಂಪ್‌ಗೆ ಹಾಕಿ "ಮಂಕಾಗಿದೆ ಗುರು" ಅಂತ ಟ್ರೆಬಲ್ ಏರಿಸಿಕೊಂಡು, ಅದೇ ಪ್ಯಾಚನ್ನು ಸಂಜೆ ಪೆಂಡಾಲಿಗೆ ತಗೊಂಡು ಹೋದವನು ನಾನೇ. ಮುಂದಿನ ಸಾಲಿನಲ್ಲಿ ಕೂತ ಅಜ್ಜಂದಿರು ಕಿವಿ ಮುಚ್ಚಿಕೊಂಡರು.

ಹಾಗಾಗಿ ಈಗ ನನ್ನ 50 ಜಾಗದಲ್ಲಿ ಮೊದಲ ಹತ್ತು ಪೆಂಡಾಲಿಗೆ, ಮುಂದಿನ ಹತ್ತು ಪ್ರಾಕ್ಟೀಸ್ ರೂಮಿಗೆ. ಉಳಿದಿದ್ದು ಆಟಕ್ಕೆ.

ಕಂಪನಿಯವರು ತುಂಬಿ ಕಳಿಸಿದ ಪ್ಯಾಚ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಂಗಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಎರಡು ನಿಮಿಷ ನುಡಿಸಿದವನು ಬಾಯಿ ಬಿಡಲಿ ಅಂತ ಮಾಡಿದವು ಅವು. ರಿವರ್ಬ್ ಕೊಚ್ಚಿಕೊಂಡು ಹೋಗುವಷ್ಟು, ಗೇನ್ (ಸದ್ದು ಎಷ್ಟು ಒಡೆಯಬೇಕು ಅನ್ನುವ ನಾಬ್) ಬೇಕಾದ್ದಕ್ಕಿಂತ ಎರಡರಷ್ಟು. ಒಬ್ಬನೇ ಕೂತು ನುಡಿಸಲು ಸೊಗಸು. ಕೀಬೋರ್ಡ್, ಬೇಸ್, ರಿದಮ್ ಪ್ಯಾಡ್, ಇಬ್ಬರು ಗಾಯಕರು ಸೇರಿದ ಮೇಲೆ ನಿಮ್ಮ ಗಿಟಾರ್ ಎಲ್ಲಿದೆ ಅಂತ ದುರ್ಬೀನು ಹಾಕಿ ಹುಡುಕಬೇಕು.

ನಾನು ಮಾಡುವುದು ಹೀಗೆ. ಖಾಲಿ ಪ್ಯಾಚ್ ತೆಗೆದುಕೊಂಡು ಮೊದಲು ಆಂಪ್ ಒಂದನ್ನೇ ಇಡುತ್ತೇನೆ. ಹೆಸರುಗಳು ಸ್ವಲ್ಪ ಸಂಕೇತದ ಹಾಗಿವೆ, ಎಫ್‌ಡಿ ಅಂದ್ರೆ ಫೆಂಡರ್ ಕಂಪನಿಯ ಆಂಪ್ ಥರ, ಎಂಎಸ್ ಅಂದ್ರೆ ಮಾರ್ಷಲ್ ಕಂಪನಿಯದ್ದರ ಥರ ಅಂತ ಅಂದಾಜು ಮಾಡಿಕೊಳ್ಳಿ. ಬೇರೆ ಏನೂ ಇಲ್ಲದೆ ಆಂಪ್ ಒಂದರಲ್ಲೇ ಕೇಳಲು ಹಿತವಾಗುವವರೆಗೆ ಮುಂದೆ ಹೋಗುವುದಿಲ್ಲ. ಬೇಸ್ ನಿಮಗೆ ಇಷ್ಟ ಆಗುವಷ್ಟಕ್ಕಿಂತ ಕಮ್ಮಿ ಇರಲಿ, ಆ ಜಾಗ ಬೇಸ್ ಗಿಟಾರ್‌ದು ಮತ್ತು ಕಿಕ್ ಡ್ರಮ್‌ದು. ಸೌಂಡ್ ಅಣ್ಣನಿಗೆ ನನ್ನ ಚಾನಲ್‌ನಲ್ಲಿ 100 ಹರ್ಟ್ಜ್ ಕೆಳಗೆ ಕತ್ತರಿಸಿಬಿಡಿ ಅಂತ ಹೇಳುತ್ತೇನೆ, ಖುಷಿಯಿಂದ ಮಾಡುತ್ತಾನೆ. ಮಿಡ್, ಅಂದ್ರೆ ಬೇಸ್‌ಗೂ ಟ್ರೆಬಲ್‌ಗೂ ಮಧ್ಯದ ಸದ್ದು, ಮಾತ್ರ ಇಳಿಸಬೇಡಿ. ಮನೆಯಲ್ಲಿ ಮಿಡ್ ಇಳಿಸಿದರೆ ಸಿನಿಮಾ ಥರ ಭಾರಿ ಅನ್ನಿಸುತ್ತದೆ ಅಲ್ವಾ, ಸ್ಟೇಜಿನಲ್ಲಿ ಅದೇ ನಿಮ್ಮನ್ನು ಮಾಯ ಮಾಡುತ್ತದೆ.

ಇದಕ್ಕೆ ಕಾರಣ ಕಿವಿಯಲ್ಲೇ ಇದೆ. ಸಣ್ಣ ವಾಲ್ಯೂಮಿನಲ್ಲಿ ನಮ್ಮ ಕಿವಿಗೆ ಕೆಳಗಿನ ಬೇಸ್ ಸದ್ದೂ ಮೇಲಿನ ಟ್ರೆಬಲ್ ಸದ್ದೂ ಕಮ್ಮಿ ಕೇಳಿಸುತ್ತವೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು 1933ರಲ್ಲೇ ಇದನ್ನು ಅಳೆದು ಗೆರೆ ಹಾಕಿ ತೋರಿಸಿದ್ದಾರೆ. ರಾತ್ರಿ ಹತ್ತು ಗಂಟೆಗೆ ಮಕ್ಕಳು ಮಲಗಿದ ಮೇಲೆ ಮೆಲ್ಲಗೆ ನುಡಿಸುತ್ತಾ ಪ್ಯಾಚ್ ಮಾಡಿದರೆ, ನೀವು ಗೊತ್ತಿಲ್ಲದೇ ಬೇಸೂ ಟ್ರೆಬಲ್ಲೂ ಏರಿಸಿರುತ್ತೀರಿ. ಅದನ್ನೇ ಪೆಂಡಾಲಿನಲ್ಲಿ ಜೋರಾಗಿ ಹಾಕಿದಾಗ ಕೆಳಗೆ ಗುಡುಗು, ಮೇಲೆ ಕಿರುಚಾಟ, ಮಧ್ಯದಲ್ಲಿ ಗಿಟಾರ್ ಇಲ್ಲ. ಪ್ರೋಗ್ರಾಂಗೆ ಅರ್ಧ ಗಂಟೆ ಮುಂಚೆ ಹೋಗಿ, ಸೌಂಡ್ ಚೆಕ್‌ನಲ್ಲಿ ಮೇನ್ ಸ್ಪೀಕರ್‌ನ ಮುಂದೆ ನಿಂತು ಒಂದು ಸಲ ತಿದ್ದಿದ್ದು, ಮನೆಯ ಹತ್ತು ರಾತ್ರಿಗೆ ಸಮ. ಈ ಚೆಕ್‌ಗೆ ಮಾತ್ರ ಉದ್ದನೆಯ ಗಿಟಾರ್ ವೈರ್ ಹಾಕಿಕೊಂಡು ಕುರ್ಚಿಗಳ ಮಧ್ಯೆ ನಡೆದು ಹೋಗಿ ನುಡಿಸುತ್ತೇನೆ, ಚಿಕ್ಕ ಹುಡುಗರು ಹಿಂದೆ ಹಿಂದೆ ಬರುತ್ತಾರೆ. ಅವರಿಗೆ ಅದೇ ಮೊದಲ ಐಟಂ.

ಗೇನ್ ವಿಷಯ ಒಂದೇ ಮಾತು: ಇಳಿಸಿ. ಮನೆಯಲ್ಲಿ 70 ಇದ್ದದ್ದು ನನಗೆ ಈಗ 40. ಜಾಸ್ತಿ ಗೇನ್ ಅಂದ್ರೆ ಜೋರು ಅಲ್ಲ, ಚಪ್ಪಟೆ. ಕಾರ್ಡ್ ಹೊಡೆದರೆ ತಂತಿ ತಂತಿ ಬೇರೆ ಕೇಳಿಸಬೇಕು. ಗೇನ್ ಇಳಿಸಿದ ಮೇಲೆ ಇನ್ನೊಂದು ಲಾಭ, ಗಿಟಾರಿನ ಮೇಲಿರುವ ವಾಲ್ಯೂಮ್ ನಾಬ್ ಕೆಲಸಕ್ಕೆ ಬರುತ್ತದೆ. 10ರಲ್ಲಿ ಸೋಲೋ, 6ಕ್ಕೆ ಇಳಿಸಿದರೆ ಹೆಚ್ಚುಕಮ್ಮಿ ಕ್ಲೀನ್. ಕಾಲು ಆಡಿಸುವ ಕೆಲಸವೇ ಇಲ್ಲ.

ಜಾಗ ಐದೇ ಇರುವುದರಿಂದ ಸ್ವಲ್ಪ ಜಿಪುಣತನ ಬೇಕು. ಗಲಾಟೆ ಕಮ್ಮಿ ಮಾಡುವ ಝಡ್‌ಎನ್‌ಆರ್ ಕೂಡ ಒಂದು ಜಾಗ ತಿನ್ನುತ್ತದೆ. ಕ್ಲೀನ್ ಪ್ಯಾಚಿಗೆ ಅದು ಬೇಡ. ನನ್ನ ಕ್ಲೀನ್ ಹೀಗಿದೆ: ಜೋರು ಮೆಲ್ಲಗೆ ಎರಡನ್ನೂ ಸಮ ಮಾಡುವ ಕಂಪ್ರೆಸರ್ ಚೂರು, ಫೆಂಡರ್ ಥರದ ಆಂಪ್, ಕೋರಸ್ ಚೂರೇ ಚೂರು, ರಿವರ್ಬ್. ಸೋಲೋ ಪ್ಯಾಚ್: ಝಡ್‌ಎನ್‌ಆರ್, ಹಗುರ ಡಿಸ್ಟಾರ್ಷನ್ ಕೊಡುವ ಓವರ್‌ಡ್ರೈವ್ ಗೇನ್ ತೀರ ಕಮ್ಮಿ ಇಟ್ಟು ಲೆವೆಲ್ ಮಾತ್ರ ಏರಿಸಿ, ಅದರ ಹಿಂದೆ ಮಾರ್ಷಲ್ ಥರದ ಆಂಪ್, ಆಮೇಲೆ ಸ್ವರವನ್ನು ತಡವಾಗಿ ಮತ್ತೆ ಕೇಳಿಸುವ ಡಿಲೇ, ಕೊನೆಗೆ ರಿವರ್ಬ್. ಐದು ಮುಗಿಯಿತು.

ಈಗ ನಾನು ತುಂಬಾ ತಡವಾಗಿ ಕಲಿತದ್ದು. ಈ ಡಬ್ಬಿಗೆ ಪ್ಯಾಚ್ ಬದಲಿಸಲು ಎರಡೇ ಸ್ವಿಚ್, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಅಂದ್ರೆ 1ರಿಂದ 4ಕ್ಕೆ ಹೋಗಬೇಕಾದರೆ 2 ಮತ್ತು 3 ತುಳಿದುಕೊಂಡೇ ಹೋಗಬೇಕು. ನಾನು ಮೊದಲು ಕ್ಲೀನ್, ಕ್ರಂಚ್ (ಅರೆಬರೆ ಒಡೆದ ಸದ್ದು), ಸೋಲೋ ಅಂತ ಪಾಠದ ಪುಸ್ತಕದ ಹಾಗೆ ಜೋಡಿಸಿದ್ದೆ. ಕ್ಲೀನಿನಿಂದ ಸೋಲೋಗೆ ಎರಡು ತುಳಿತ, ಮಧ್ಯದಲ್ಲಿ ಅರ್ಧ ಸೆಕೆಂಡ್ ಕ್ರಂಚ್ ಕೆಮ್ಮಿ ಹೋಗುತ್ತಿತ್ತು. ಈಗ ಕ್ಲೀನ್ ಮಧ್ಯದಲ್ಲಿದೆ. ಎಡಕ್ಕೆ ತುಳಿದರೆ ಕ್ರಂಚ್, ಬಲಕ್ಕೆ ತುಳಿದರೆ ಸೋಲೋ. ಯಾವುದರಿಂದಲಾದರೂ ಮನೆಗೆ ಬರಲು ಒಂದೇ ಹೆಜ್ಜೆ. ಬೇರೆ ಬಗೆಯ ಹಾಡುಗಳಿಗೆ ಇದೇ ಥರ ಇನ್ನೊಂದು ಮೂರರ ಗುಂಪು. ಎರಡು ಸಾವಿರ ರೂಪಾಯಿ ಜಾಸ್ತಿ ಕೊಟ್ಟು ಇನ್ನೊಂದು ಸ್ವಿಚ್ ಇರುವ ಡಬ್ಬಿ ತಗೊಳ್ಳಬೇಕು ಅನ್ನಿಸುತ್ತಿದ್ದದ್ದು ಅವತ್ತಿಗೆ ನಿಂತಿತು.

ಎರಡೂ ಸ್ವಿಚ್ಚನ್ನು ಒಟ್ಟಿಗೆ ಒತ್ತಿದರೆ ಟ್ಯೂನರ್. ಸ್ವಿಚ್‌ಗಳು ಹತ್ತಿರ ಹತ್ತಿರ ಇವೆ. ದಪ್ಪ ಶೂ ಹಾಕಿಕೊಂಡು ಹೋಗಬೇಡಿ, ಇಷ್ಟು ಹೇಳಿದರೆ ಸಾಕು ಅಂದ್ಕೋತೀನಿ.

ಲೆವೆಲ್ ಸಮ ಮಾಡುವುದಕ್ಕೆ ಕಿವಿಯನ್ನೇ ನಂಬಬೇಡಿ, ಡಿಸ್ಟಾರ್ಷನ್ ಇರುವುದು ಕಿವಿಗೆ ಮೋಸ ಮಾಡುತ್ತದೆ. ಮೊಬೈಲಿನಲ್ಲಿ ಡೆಸಿಬಲ್ ಅಳೆಯುವ ಆ್ಯಪ್ ಇಟ್ಟುಕೊಂಡು, ಒಂದೇ ಕಾರ್ಡನ್ನು ಒಂದೇ ಜೋರಿನಲ್ಲಿ ಹೊಡೆಯುತ್ತಾ ಕ್ಲೀನೂ ಕ್ರಂಚೂ ಸಮ ಮಾಡಿದೆ, ಸೋಲೋ ಮಾತ್ರ ಮೂರು ಡೆಸಿಬಲ್ ಮೇಲೆ. ಅಂದಿನಿಂದ ಸೌಂಡ್ ಅಣ್ಣ ಮಿಕ್ಸರ್‌ನಲ್ಲಿ ನನ್ನ ವಾಲ್ಯೂಮ್ ಏರಿಸಿ ಇಳಿಸುವ ಫೇಡರ್ ಮುಟ್ಟುವುದು ಬಿಟ್ಟಿದ್ದಾನೆ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಆರ್ಕೆಸ್ಟ್ರಾದಲ್ಲಿ ಇಲ್ಲ.

ಡಿಲೇ ಲೆಕ್ಕ ಗೊತ್ತಿಲ್ಲದೆ ಹಾಕಿದರೆ ತಾಳ ತಪ್ಪಿದ ಕೋರಸ್ ಗಾಯಕನ ಹಾಗೆ. 60,000ವನ್ನು ಹಾಡಿನ ಬಿಪಿಎಂನಿಂದ, ಅಂದ್ರೆ ನಿಮಿಷಕ್ಕೆ ಎಷ್ಟು ಬೀಟ್ ಅನ್ನೋದರಿಂದ ಭಾಗಿಸಿ, ಒಂದು ಬೀಟಿಗೆ ಎಷ್ಟು ಮಿಲಿಸೆಕೆಂಡ್ ಅಂತ ಬರುತ್ತದೆ. 100 ಬಿಪಿಎಂ ಹಾಡಿಗೆ 600. ಅದರ ಮುಕ್ಕಾಲು, 450, ಇಟ್ಟರೆ ನೀವು ನುಡಿಸಿದ ಸ್ವರಗಳ ಮಧ್ಯೆ ಮಧ್ಯೆ ಪ್ರತಿಧ್ವನಿ ನುಸುಳಿ ಕುಣಿಯುತ್ತದೆ, ಎಂಟು ಸ್ವರ ನುಡಿಸಿದರೆ ಹದಿನಾರು ನುಡಿಸಿದ ಹಾಗೆ. ನಮ್ಮ ರಿದಮ್ ಪ್ಯಾಡ್ ಹುಡುಗನ ನೋಟ್‌ಬುಕ್‌ನಲ್ಲಿ ಎಲ್ಲಾ ಹಾಡಿನ ಬಿಪಿಎಂ ಬರೆದಿರುತ್ತದೆ. ಅದರ ಫೋಟೋ ತೆಗೆದುಕೊಂಡು ಪಕ್ಕದಲ್ಲಿ ನನ್ನ ಡಿಲೇ ಬರೆದಿಟ್ಟಿದ್ದೇನೆ. ರಿವರ್ಬ್ ಮಾತ್ರ ಮನೆಯಲ್ಲಿ ಇಟ್ಟಿದ್ದರ ಅರ್ಧ ಸಾಕು. ಕಲ್ಯಾಣ ಮಂಟಪ ತಾನೇ ದೊಡ್ಡ ರಿವರ್ಬ್, ಬಾಡಿಗೆ ಕೊಟ್ಟಿರುತ್ತಾರೆ, ಉಪಯೋಗಿಸಿಕೊಳ್ಳಿ.

ಎಕ್ಸ್‌ಪ್ರೆಶನ್ ಪೆಡಲ್‌ಗೋಸ್ಕರವೇ ಎಕ್ಸ್ ಇರುವುದನ್ನು ತಗೊಳ್ಳಿ ಅಂತೀನಿ. ವಾ ವಾ ಅಂತ ಮಾಡುವ ವಾ ಪೆಡಲ್ ಎಲ್ಲರಿಗೂ ಗೊತ್ತು. ನಾನು ಜಾಸ್ತಿ ಬಳಸುವುದು ವಾಲ್ಯೂಮ್. ಸಾಲಿನಲ್ಲಿ ಅದು ಎಲ್ಲಿದೆ ಅನ್ನೋದರ ಮೇಲೆ ಕೆಲಸ ಬದಲಾಗುತ್ತದೆ. ಆಂಪ್‌ಗಿಂತ ಮುಂಚೆ ಇಟ್ಟರೆ ಇಳಿಸಿದಾಗ ಡಿಸ್ಟಾರ್ಷನ್ ಕರಗಿ ಕ್ಲೀನ್ ಆಗುತ್ತದೆ. ಆಂಪ್ ಆದ ಮೇಲೆ, ಡಿಲೇಗಿಂತ ಮುಂಚೆ ಇಟ್ಟರೆ ಸದ್ದಿನ ಬಣ್ಣ ಹಾಗೇ ಇದ್ದು ಜೋರು ಮಾತ್ರ ಇಳಿಯುತ್ತದೆ, ಡಿಲೇಯ ಬಾಲವೂ ಉಳಿಯುತ್ತದೆ. ಸ್ವರ ಹಿಡಿದು ಸೊನ್ನೆಯಿಂದ ನಿಧಾನಕ್ಕೆ ಏರಿಸಿದರೆ ಹಳೇ ಹಾಡಿನ ವಯಲಿನ್ ತುಣುಕುಗಳನ್ನು ಗಿಟಾರಿನಲ್ಲೇ ಒಪ್ಪಿಸಬಹುದು. ಪೆಡಲನ್ನು ಮುಂದಕ್ಕೆ ಗಟ್ಟಿಯಾಗಿ ಒತ್ತಿದರೆ ಆ ಎಫೆಕ್ಟ್ ಆನ್ ಅಥವಾ ಆಫ್ ಆಗುತ್ತದೆ. ಜೋಶ್‌ನಲ್ಲಿ ಜಾಸ್ತಿ ತುಳಿದು ಸೋಲೋ ಮಧ್ಯದಲ್ಲಿ ವಾ ಹೋಗಿಬಿಡುವುದು ನನಗಂತೂ ಆಗಿದೆ.

ಕರೆಂಟ್ ವಿಷಯದಲ್ಲಿ ಇದು ನಮ್ಮ ಪೆಂಡಾಲಿಗೇ ಮಾಡಿದ ಹಾಗಿದೆ. ನಾಲ್ಕು ಎಎ ಸೆಲ್ ಹಾಕಬಹುದು, 9 ವೋಲ್ಟ್ ಅಡಾಪ್ಟರ್ ಹಾಕಬಹುದು, ಇಲ್ಲವೇ ಮೈಕ್ರೋ ಯುಎಸ್‌ಬಿ ವೈರಿನಲ್ಲಿ ಪವರ್ ಬ್ಯಾಂಕ್. ಆಲ್ಕಲೈನ್ ಸೆಲ್‌ಗೆ ಕಂಪನಿ ಹೇಳುವುದು 18 ಗಂಟೆ, ನಾನು ಗಡಿಯಾರ ಇಟ್ಟು ಅಳೆದಿಲ್ಲ, ಮೂರು ಪ್ರೋಗ್ರಾಂಗೆ ಒಂದು ಸಲ ಬದಲಿಸುತ್ತೇನೆ. ಅಡಾಪ್ಟರ್ ಹಾಕಿದಾಗ ಗುಂಯ್ ಅನ್ನುತ್ತಿದ್ದರೆ ಮೊದಲು ಅದನ್ನು ಕಿತ್ತು ಸೆಲ್ ಮೇಲೆ ಓಡಿಸಿ ನೋಡಿ. ನಮ್ಮ ಪೆಂಡಾಲುಗಳಲ್ಲಿ ಅರ್ಥಿಂಗ್ ಅನ್ನೋದು ದೇವರ ಇಚ್ಛೆ. ಸಾಧಾರಣ ಅಡಾಪ್ಟರ್ ಆ ಗಲಾಟೆಯನ್ನು ಸೀದಾ ಗಿಟಾರಿಗೆ ತಂದು ಸುರಿಯುತ್ತದೆ. ಸೆಲ್‌ಗೆ ಗೋಡೆಯ ಜೊತೆ ಸಂಬಂಧವೇ ಇಲ್ಲ.

ಹೊನ್ನಾಳಿ ಕಡೆ ಒಂದು ಜಾತ್ರೆಯಲ್ಲಿ ಹಾಡಿನ ಮಧ್ಯದಲ್ಲಿ ಜನರೇಟರ್ ಕೆಮ್ಮಿ ಸತ್ತುಹೋಯಿತು. ಇಡೀ ಪೆಂಡಾಲು ಕತ್ತಲು, ಸ್ಪೀಕರ್ ಇಲ್ಲ, ಲೈಟ್ ಇಲ್ಲ. ನನ್ನ ಕಾಲ ಬುಡದಲ್ಲಿ ಈ ಪುಟ್ಟ ಸ್ಕ್ರೀನ್ ಮಾತ್ರ ಬೆಳಗುತ್ತಿತ್ತು, 'ಸೋಲೋ 1' ಅಂತ. ಕೀಬೋರ್ಡಿನವನು ಬಗ್ಗಿ ನೋಡಿ, "ನಿಂದೊಂದು ಓಡ್ತಾ ಇದೆ ನೋಡು ಮಾರಾಯ, ನುಡಿಸು, ಜನರೇಟರ್‌ನವನಿಗಾದ್ರೂ ಕೇಳಿಸಲಿ" ಅಂದ.

ಅಡಾಪ್ಟರ್ ಕಳೆದುಕೊಂಡು ಬೆಂಗಳೂರಿನ ಎಸ್‌ಪಿ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹುಡುಕುವವರಿಗೆ ಒಂದು ಮಾತು. 9 ವೋಲ್ಟ್ ಅಂದ್ರೆ ಸಾಲದು, ಪಿನ್ನಿನ ಒಳಗೆ ಮೈನಸ್, ಹೊರಗೆ ಪ್ಲಸ್ ಇರಬೇಕು, 500 ಮಿಲಿಆಂಪ್ ಇರಬೇಕು. ಅಲ್ಲಿ ಸಿಗುವ ಬಹಳಷ್ಟು ಅಡಾಪ್ಟರ್ ಒಳಗೆ ಪ್ಲಸ್. ಅಡಾಪ್ಟರ್ ಮೇಲಿನ ಚಿತ್ರ ನೋಡಿಯೇ ದುಡ್ಡು ಕೊಡಿ. ಸ್ಟೇಜಿನಲ್ಲಿ ಕೀಬೋರ್ಡಿನ 12 ವೋಲ್ಟ್ ಅಡಾಪ್ಟರ್ ಬಿದ್ದಿರುತ್ತದೆ, ಪಿನ್ ಕೂರುತ್ತದೆ ಅಂತ ಅದನ್ನು ಸಿಕ್ಕಿಸಬೇಡಿ.

ಮನೆಯಲ್ಲಿ ಕಲಿಯುವವರಿಗೂ ಇದು ದಂಡಿಯಾಗಿ ಕೊಡುತ್ತದೆ. ಆಕ್ಸ್ ಇನ್ ಅನ್ನುವ ತೂತಿಗೆ ಫೋನ್ ಹಾಕಿ ಹಾಡು ಕೇಳುತ್ತಾ ಹೆಡ್‌ಫೋನ್‌ನಲ್ಲಿ ಜೊತೆಗೆ ನುಡಿಸಬಹುದು. ಲೂಪರ್ 30 ಸೆಕೆಂಡ್ ಅಂದ್ರೆ ಕಮ್ಮಿ ಅನ್ನಿಸುತ್ತದೆ. 100 ಬಿಪಿಎಂನಲ್ಲಿ ನಾಲ್ಕು ಬೀಟಿನ ಒಂದು ಬಾರ್‌ಗೆ 2.4 ಸೆಕೆಂಡ್, ಹನ್ನೆರಡು ಬಾರ್ ಅಂದ್ರೆ 28.8, ಸರಿಯಾಗಿ ಹಿಡಿಸುತ್ತದೆ. 80ಕ್ಕೆ ಇಳಿಸಿದರೆ ಹತ್ತೇ ಬಾರ್. ಪಲ್ಲವಿಯ ಕಾರ್ಡ್ ಸುತ್ತು ಹಾಕಿಕೊಂಡು ಅದರ ಮೇಲೆ ಲೀಡ್ ಅಭ್ಯಾಸ ಮಾಡಲು ಇದು ಸಾಕು. ರಿದಮ್ ಪಟ್ಟಿಯಲ್ಲಿ ಕೆಹರ್ವಾ, ದಾದ್ರಾ ಥರದ ತಬಲಾ ತಾಳ ಹುಡುಕಬೇಡಿ, ಇಲ್ಲ. ರಾಕ್, ಜಾಜ್, ಆ ಥರದವು.

ಬೇಜಾರಿನ ವಿಷಯಗಳಿಗೆ ಬರುತ್ತೇನೆ. ಯುಎಸ್‌ಬಿ ಇದೆ ಅಂತ ಕಂಪ್ಯೂಟರಿಗೆ ಹಾಕಿ ರೆಕಾರ್ಡ್ ಮಾಡುವ ಆಸೆ ಇಟ್ಟುಕೊಳ್ಳಬೇಡಿ, ಇದು ಆಡಿಯೋ ಇಂಟರ್‌ಫೇಸ್ ಅಲ್ಲ. ಅದು ಇರುವುದು ಕರೆಂಟಿಗೆ ಮತ್ತು ಗಿಟಾರ್ ಲ್ಯಾಬ್ ಅನ್ನುವ ಅವರ ಸಾಫ್ಟ್‌ವೇರ್‌ಗೆ. ಆ ಸಾಫ್ಟ್‌ವೇರ್ ಪುಕ್ಕಟೆ, ಪ್ಯಾಚ್ ಜೋಡಿಸಲು ಡಬ್ಬಿಯ ಮೇಲಿನ ನಾಬ್‌ಗಳಿಗಿಂತ ಎಷ್ಟೋ ಸಲೀಸು, ಹೊಸ ಎಫೆಕ್ಟ್ ಇಳಿಸಿಕೊಳ್ಳಬಹುದು. ಮುಖ್ಯವಾಗಿ ಬ್ಯಾಕಪ್ ಇಟ್ಟುಕೊಳ್ಳಬಹುದು. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದ್ರೆ, ಒಂದು ಭಾನುವಾರ ಅಕ್ಕನ ಮಗ ಬಂದಿದ್ದ. ಏಳು ವರ್ಷ. ನಾನು ಟೀ ಕುಡಿಯುವಷ್ಟರಲ್ಲಿ ಸ್ಕ್ರೀನ್ ಕೆಳಗಿನ ಅಷ್ಟೂ ನಾಬ್ ತಿರುಗಿಸಿ, ಪ್ಯಾಚ್ ಬದಲಿಸಿ, ಮತ್ತೆ ತಿರುಗಿಸಿ, "ಮಾಮಾ, ರಾಕೆಟ್ ಸೌಂಡ್ ಬಂತು" ಅಂದ. ಆಟೋ ಸೇವ್ ಆನ್ ಇತ್ತು. ಮೂರು ತಿಂಗಳ ಪೆಂಡಾಲ್ ಪ್ಯಾಚ್‌ಗಳು ರಾಕೆಟ್ ಆಗಿದ್ದವು. ಸೆಟ್ಟಿಂಗ್ಸ್‌ಗೆ ಹೋಗಿ ಆಟೋ ಸೇವ್ ಆಫ್ ಮಾಡಿ, ಪ್ರೋಗ್ರಾಂ ಸೀಸನ್‌ಗೆ ಮುಂಚೆ ಒಂದು ಬ್ಯಾಕಪ್ ತೆಗೆದಿಡಿ.

ಪ್ಯಾಚ್ ಬದಲಿಸಿದ ಕ್ಷಣ ಹಳೇ ಡಿಲೇಯ ಬಾಲ ಕತ್ತರಿಸಿ ಹೋಗುತ್ತದೆ, ನನ್ನ ಕಿವಿಗೆ ಸಣ್ಣ ಖಾಲಿಯೂ ಕೇಳಿಸುತ್ತದೆ. ಪೆಂಡಾಲಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ರೆಕಾರ್ಡಿಂಗ್‌ನಲ್ಲಿ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಮೈ ನೋಡಿದರೆ ಭಯ ಆಗುತ್ತದೆ, ಆದರೂ ಮೂರು ವರ್ಷ, ಮೂರು ಮಳೆಗಾಲದ ಗಣಪತಿ, ಇನ್ನೂ ಬಿರುಕು ಬಿಟ್ಟಿಲ್ಲ. ಹಗುರ ಇರುವುದರಿಂದ ತುಳಿದಾಗ ಜಾರುತ್ತದೆ. ಕೆಳಗೆ ಹಳೇ ಮೌಸ್ ಪ್ಯಾಡ್ ಕತ್ತರಿಸಿ ಅಂಟಿಸಿದ್ದೇನೆ.

ಬೇರೆ ಏನಿದೆ ಅಂತ ಕೇಳುವವರಿಗೆ. ಬಾಸ್ ಜಿಟಿ-1 ಇದಕ್ಕಿಂತ ಮುಂಚಿನದು, 2016ರದ್ದು, ಅದೂ ನಾಲ್ಕು ಎಎ ಸೆಲ್‌ನಲ್ಲಿ ಓಡುತ್ತದೆ, ಕಂಪ್ಯೂಟರಿಗೆ ಸೀದಾ ರೆಕಾರ್ಡ್ ಮಾಡಲು ಆಗುತ್ತದೆ, ದುಡ್ಡು ಜಾಸ್ತಿ. ಮನೆಯಲ್ಲಿ ರೆಕಾರ್ಡ್ ಮಾಡುವುದೇ ನಿಮ್ಮ ಮುಖ್ಯ ಕೆಲಸ ಆದರೆ ಅದನ್ನೇ ನೋಡಿ. ಲೈನ್ 6ರ ಎಚ್‌ಎಕ್ಸ್ ಸ್ಟಾಂಪ್ ಬೇರೆಯೇ ಲೋಕ, ಅದರ ಬೆಲೆಗೆ ಇಂಥವು ಹಲವು ಬರುತ್ತವೆ. ನೀವು ಬರೀ ಅಕೂಸ್ಟಿಕ್ ಗಿಟಾರ್ ನುಡಿಸುವವರಾದರೆ ಜಿ1 ಬೇಡವೇ ಬೇಡ, ಇದೇ ಕಂಪನಿಯ ಎ1 ಫೋರ್ ಅಂತ ಅದಕ್ಕೇ ಮಾಡಿದ್ದು ಇದೆ. ಬೇಸ್‌ನವರಿಗೆ ಬಿ1 ಫೋರ್.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಗಿಟಾರೂ ಹೆಡ್‌ಫೋನೂ ನಿಮ್ಮದೇ ತಗೊಂಡು ಹೋಗಿ. ಸೆಲ್ ಹಾಕುವ ಮುಚ್ಚಳ ತೆಗೆದು ಸ್ಪ್ರಿಂಗ್‌ನಲ್ಲಿ ಹಸಿರು ಕಿಲುಬು ಇದೆಯಾ ನೋಡಿ, ಸೆಲ್ ಸೋರಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮೈಕ್ರೋ ಯುಎಸ್‌ಬಿ ತೂತು ಅಲ್ಲಾಡುತ್ತಿದ್ದರೆ ಐನೂರು ಕಮ್ಮಿ ಕೇಳಿ. ಪೆಡಲನ್ನು ಪೂರ್ತಿ ಹಿಂದೆ, ಪೂರ್ತಿ ಮುಂದೆ ತುಳಿದು ವಾಲ್ಯೂಮ್ ನಿಜಕ್ಕೂ ಸೊನ್ನೆಗೆ ಹೋಗುತ್ತದಾ, ನೂರಕ್ಕೆ ಬರುತ್ತದಾ ನೋಡಿ. ಬರದಿದ್ದರೆ ಮಾರುವವನು ಕೆಟ್ಟಿದೆ ಅಂದುಕೊಂಡು ಬೆಲೆ ಇಳಿಸಿರುತ್ತಾನೆ. ಬಹಳಷ್ಟು ಸಲ ಅದು ಸೆಟ್ಟಿಂಗ್ಸ್‌ನಲ್ಲಿ ಪೆಡಲ್ ಕ್ಯಾಲಿಬ್ರೇಟ್ ಮಾಡಿದರೆ ಒಂದು ನಿಮಿಷದಲ್ಲಿ ಸರಿ ಹೋಗುತ್ತದೆ. ದುಡ್ಡು ಕೊಟ್ಟ ಮೇಲೆ ಮಾಡಿ.